ತುರಹಳ್ಳಿ ಕಾಡಿಗೆ ಹೋಗುವವರಿಗೆ

ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಕಾಡಿಗೆ ವಾಕಿಂಗ್ ಹೋಗುವವರು ಬಹಳ ಮಂದಿ. ಹೋಗಿ, ಖಂಡಿತ ಹೋಗಿ. 2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡಹೊರಟಾಗ ಬೇಡವೆಂದು ನಿಂತವರು ಸುತ್ತಲಿನ ಜನರೇ.

ಆದರೆ ಸೇವೆಯ ಹುರುಪಿನಲ್ಲಿ ಕಂಡಕಂಡಲ್ಲಿ ಗುಂಡಿ ತೋಡಿ ಸಸಿ ನೆಡಬೇಡಿ. ಇದು ಬಂಡೆ, ಹುಲ್ಲು, ಮುಳ್ಳುಪೊದೆಗಳ ಕುರುಚಲು ಕಾಡು. ನಮಗೆ ಬರಿದಾಗಿ ಕಾಣುವ ಹುಲ್ಲುನೆಲ ಎಷ್ಟೋ ಹಕ್ಕಿಗಳಿಗೆ ಮನೆ. ಇಂಥ ಕಾಡಿನಲ್ಲಿ ನಿಜವಾಗಿ ಕೈ ಬೇಕಿರುವುದು ಲಂಟಾನ ಎಂಬ ಕಳೆಪೊದೆಯನ್ನು ಕೀಳಲು. ಅರಣ್ಯ ಇಲಾಖೆಯ ಅನುಮತಿ ಪಡೆದ ತಂಡದ ಜೊತೆಗಷ್ಟೇ ಈ ಕೆಲಸಕ್ಕಿಳಿಯಿರಿ. ಬರೀ ಕೊಂಬೆ ಕತ್ತರಿಸಿದರೆ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಬುಡವನ್ನೇ ಗುದ್ದಲಿಯಿಂದ ಎಬ್ಬಿಸಬೇಕು. ಅದೂ ಕಾಯಿ ಕಪ್ಪಾಗುವ ಮುಂಚೆ. ಹಣ್ಣು ತಿಂದ ಪಿಕಳಾರ ಬೀಜವನ್ನು ಇನ್ನೆಲ್ಲಿಗೋ ಒಯ್ದು ಹಾಕುತ್ತದೆ. ತುಂಬುತೋಳಿನ ಅಂಗಿ ಇರಲಿ, ಲಂಟಾನದ ಮುಳ್ಳು ಚೆನ್ನಾಗಿಯೇ ಪರಚುತ್ತದೆ. ಪೊದೆಯೊಳಗೆ ಗೂಡು ಕಂಡರೆ ಆ ಪೊದೆಯನ್ನು ಬಿಟ್ಟುಬಿಡಿ.

ಒಂದೇ ದಿನ ಕಿತ್ತು, ಫೋಟೊ ತೆಗೆಸಿಕೊಂಡು ಹೋದರೆ ಏನೂ ಪ್ರಯೋಜನವಿಲ್ಲ. ಮುಂದಿನ ಮಳೆಗಾಲದಲ್ಲಿ ಅದೇ ಜಾಗಕ್ಕೆ ಬಂದು ಹೊಸ ಮೊಳಕೆ ಕೀಳಬೇಕು.

ಇನ್ನು ನಡಿಗೆಯ ವಿಷಯ. ಸವೆದ ಕಾಲುದಾರಿ ಬಿಡಬೇಡಿ, ನಾಯಿಯನ್ನು ಮನೆಯಲ್ಲೇ ಬಿಡಿ, ಒಣಹುಲ್ಲಿನ ಕಾಲದಲ್ಲಿ ಬೀಡಿ, ಸಿಗರೇಟು ಹಚ್ಚಲೇಬೇಡಿ.