ಪ್ರೋಟೀನುಗಳ ರಚನೆಯ ನಾಲ್ಕು ಹಂತಗಳು

ಆಹಾರವನ್ನು ಜೀರ್ಣಿಸುವ ಕಿಣ್ವಗಳು, ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು, ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವ ಹಿಮೋಗ್ಲೋಬಿನ್ – ಇವೆಲ್ಲವೂ ಪ್ರೋಟೀನುಗಳೇ. ಇಷ್ಟು ಭಿನ್ನವಾದ ಕಾರ್ಯಗಳನ್ನು ನಿರ್ವಹಿಸುವ ಈ ಅಣುಗಳೆಲ್ಲ ಮುಖ್ಯವಾಗಿ 20 ಬಗೆಯ ಅಮೈನೊ ಆಮ್ಲಗಳಿಂದಲೇ ಆಗಿವೆ. ಆದರೆ ಅವುಗಳ ರಚನೆ ಬೇರೆಬೇರೆ. ಈ ರಚನೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸುವುದು ರೂಢಿಯಲ್ಲಿದೆ.

ಪ್ರಾಥಮಿಕ ರಚನೆ

ಅಮೈನೊ ಆಮ್ಲಗಳು ಪೆಪ್ಟೈಡ್ ಬಂಧಗಳ ಮೂಲಕ ಒಂದಕ್ಕೊಂದು ಕೂಡಿಕೊಂಡು ಸರಪಣಿಯಾಗುತ್ತವೆ. ಅವು ಯಾವ ಅನುಕ್ರಮದಲ್ಲಿ ಕೂಡಿವೆಯೆಂಬುದೇ ಪ್ರಾಥಮಿಕ ರಚನೆ. ಈ ಅನುಕ್ರಮವನ್ನು ನಿರ್ಧರಿಸುವುದು ಜೀನುಗಳು. ಇನ್ಸುಲಿನ್‌ನ 51 ಅಮೈನೊ ಆಮ್ಲಗಳ ಅನುಕ್ರಮವನ್ನು ಕಂಡುಹಿಡಿದ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ದ್ವಿತೀಯಕ ರಚನೆ

ಸರಪಣಿಯ ಬೆನ್ನೆಲುಬಿನಲ್ಲಿ ಹೈಡ್ರೋಜನ್ ಬಂಧಗಳು ಏರ್ಪಟ್ಟು, ಅದರ ಕೆಲವು ಭಾಗಗಳು ಆಲ್ಫಾ ಸುರುಳಿಯಾಗಿಯೂ ಕೆಲವು ಭಾಗಗಳು ನೆರಿಗೆ ಹಿಡಿದ ಬೀಟಾ ಹಾಳೆಯಾಗಿಯೂ ರೂಪುಗೊಳ್ಳುತ್ತವೆ. ಸರಪಣಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಪರಸ್ಪರ ತಾಗಿ ಅಡ್ಡಿಯಾಗುತ್ತವೆ ಎಂಬುದನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ನಕ್ಷೆಯ ರೂಪದಲ್ಲಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದವರೂ ಇವರೇ. ‘ರಾಮಚಂದ್ರನ್ ನಕ್ಷೆ’ ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿದೆ.

ತೃತೀಯಕ ರಚನೆ

ಸುರುಳಿಗಳು, ಹಾಳೆಗಳು ಮತ್ತೆ ಮಡಿಚಿಕೊಂಡು ಸರಪಣಿಗೆ ಮೂರು ಆಯಾಮಗಳ ನಿರ್ದಿಷ್ಟ ಆಕಾರ ಬರುತ್ತದೆ. ನೀರಿನೊಡನೆ ಬೆರೆಯದ ಅಮೈನೊ ಆಮ್ಲಗಳು ಸಾಮಾನ್ಯವಾಗಿ ಒಳಕ್ಕೂ ಬೆರೆಯುವಂಥವು ಹೊರಕ್ಕೂ ಸೇರುತ್ತವೆ. ಮೊಟ್ಟೆಯನ್ನು ಬೇಯಿಸಿದಾಗ ಲೋಳೆ ಗಟ್ಟಿಯಾಗುವುದು ಈ ಮಡಿಕೆಗಳು ಬಿಚ್ಚಿಕೊಳ್ಳುವುದರಿಂದಲೇ. ಆಗಲೂ ಪ್ರಾಥಮಿಕ ರಚನೆ ಹಾಗೆಯೇ ಉಳಿದಿರುತ್ತದೆ. ಬೇಲಾಪುರಕ್ಕೆ ಸಮೀಪದ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ರೋಗಕ್ಕೆ ಸಂಬಂಧಿಸಿದ ಪ್ರೋಟೀನುಗಳ ಆಕಾರವನ್ನು ಅಧ್ಯಯನ ಮಾಡಲಾಗುತ್ತಿದೆ.

ಚತುರ್ಥಕ ರಚನೆ

ಒಂದಕ್ಕಿಂತ ಹೆಚ್ಚು ಸರಪಣಿಗಳು ಒಟ್ಟುಗೂಡಿದ ಪ್ರೋಟೀನುಗಳಲ್ಲಿ ಮಾತ್ರ ಈ ಹಂತ ಉಂಟು. ವಯಸ್ಕರ ಹಿಮೋಗ್ಲೋಬಿನ್‌ನಲ್ಲಿ 141 ಅಮೈನೊ ಆಮ್ಲಗಳ ಎರಡು ಆಲ್ಫಾ ಸರಪಣಿಗಳೂ 146 ಅಮೈನೊ ಆಮ್ಲಗಳ ಎರಡು ಬೀಟಾ ಸರಪಣಿಗಳೂ ಇವೆ.

ಒಂದೇ ಒಂದು ಬದಲಾವಣೆ

ಬೀಟಾ ಸರಪಣಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಇದ್ದರೆ ಏನಾಗುತ್ತದೆ? ವ್ಯಾಲೀನ್ ನೀರಿನೊಡನೆ ಬೆರೆಯದು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಈ ಸ್ಥಾನದಲ್ಲಿ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತೀವ್ರ ನೋವು, ರಕ್ತಹೀನತೆ, ಅಂಗಾಂಗಗಳಿಗೆ ಹಾನಿ ಇದರ ಪರಿಣಾಮ. ಇದೇ ಕುಡುಗೋಲು ಕಣ ರೋಗ.

ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಜಿಲ್ಲೆಗಳ ಹಾಗೂ ಕರ್ನಾಟಕದ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಈ ರೋಗವು ಕಂಡುಬರುತ್ತದೆ. ಇದು ಅಂಟುರೋಗವಲ್ಲ, ತಂದೆತಾಯಿಗಳಿಂದ ಮಕ್ಕಳಿಗೆ ಬರುವಂಥದು. ಒಬ್ಬರಿಂದ ಮಾತ್ರ ದೋಷಯುಕ್ತ ಜೀನು ಬಂದಿದ್ದರೆ ಅಂಥವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು.

2047ರೊಳಗೆ ಈ ರೋಗವನ್ನು ನಿರ್ಮೂಲನೆ ಮಾಡುವ ಗುರಿಯಿಂದ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವು ಆರಂಭವಾಯಿತು. ಸರಳವಾದ ರಕ್ತಪರೀಕ್ಷೆಯಿಂದ ವಾಹಕರನ್ನು ಗುರುತಿಸಬಹುದು. ವಿವಾಹಕ್ಕೆ ಮುನ್ನ ಅಥವಾ ಗರ್ಭಧಾರಣೆಗೆ ಮುನ್ನ ಪರೀಕ್ಷೆ ಮಾಡಿಸಿಕೊಂಡು ವೈದ್ಯರ ಸಲಹೆ ಪಡೆಯುವುದು ಒಳಿತು. ವಾಹಕರೆಂದು ತಿಳಿದುಬಂದರೆ ಅದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.