ಹಂಗೇರಿಯ ಸಂತೆಯಲ್ಲಿ ಬಂಕಾಪುರದ ಕಣ್ಣು

ಕೃಷಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದಲು ಬಂಕಾಪುರದಿಂದ ಹಂಗೇರಿಯ ದೆಬ್ರೆತ್ಸೆನ್‌ಗೆ ಹೋದವಳು ನಾನು. ಆ ದೇಶದ ಸರ್ಕಾರ 2013ರಿಂದ ಕೊಡುತ್ತಿರುವ ‘ಸ್ಟಿಪೆಂಡಿಯಂ ಹಂಗಾರಿಕುಂ’ ವಿದ್ಯಾರ್ಥಿವೇತನ ಸಿಕ್ಕರೆ ಬೋಧನಾ ಶುಲ್ಕವಿಲ್ಲ. ತಿಂಗಳ ಖರ್ಚಿಗೂ ಒಂದಿಷ್ಟು ಹಣ ಬರುತ್ತದೆ. ಆದರೆ ಅಷ್ಟರಲ್ಲಿ ಪ್ಯಾರಿಸ್, ರೋಮ್ ಸುತ್ತುವುದು ಆಗದ ಮಾತು. ಹಾಗಾಗಿ ಹತ್ತಿರದ್ದನ್ನು ನೋಡಿದೆ, ಅಲ್ಲಿನವರು ದಿನಾ ಉಣ್ಣುವುದನ್ನು ಉಂಡೆ. ಅದರಿಂದ ಕಲಿತದ್ದು ಮುಂದೆ ಹೋಗುವವರಿಗೆ ಉಪಯೋಗಕ್ಕೆ ಬಂದೀತು.

ಹೊಸ ಊರಲ್ಲಿ ಮೊದಲು ನೋಡಬೇಕಾದದ್ದು ಸಂತೆ. ಬುಡಾಪೆಸ್ಟ್‌ಗೆ ಹೋದಾಗ ಎಲ್ಲರಂತೆ ಡ್ಯಾನ್ಯೂಬ್ ನದಿಯ ಸೇತುವೆಯನ್ನೂ 1896ರಲ್ಲೇ ಓಡಾಟ ಶುರು ಮಾಡಿದ ಮೆಟ್ರೊವನ್ನೂ ನೋಡಿದೆ. ಕಾಲು ನಿಂತದ್ದು ಮಾತ್ರ 1897ರ ದೊಡ್ಡ ಮಾರುಕಟ್ಟೆಯಲ್ಲಿ. ಕಬ್ಬಿಣದ ಕಮಾನುಗಳ ಕೆಳಗೆ ಅಂಗಡಿ ಅಂಗಡಿಗೂ ಕೆಂಪು ಒಣ ಮೆಣಸಿನಕಾಯಿ ಸರ. ಅಲ್ಲಿ ಮೆಣಸಿನಪುಡಿಗೆ ಪಪ್ರಿಕ ಎನ್ನುತ್ತಾರೆ. ಖಾರದ್ದು ಬೇರೆ, ಸಿಹಿಯದ್ದು ಬೇರೆ. ಹೆಚ್ಚು ಖರ್ಚಾಗುವುದು ಸಿಹಿಯದ್ದೇ. ಫೋನಿನಲ್ಲಿ ಅವ್ವನಿಗೆ ಹೇಳಿದೆ. “ಖಾರ ಇಲ್ಲ, ಬಣ್ಣ ಅಷ್ಟ ಕೊಡತೈತಿ ಅಂದ್ರ ಅದು ನಮ್ಮ ಬ್ಯಾಡಗಿ ಡಬ್ಬಿ ಕಾಯಿನ ತಂಗಿ ಇರಬೇಕು ಬಿಡವಾ” ಎಂದಳು.

ಅವ್ವನ ಮಾತಿನಲ್ಲಿ ಹುರುಳಿದೆ. ಎರಡೂ ಅಮೆರಿಕ ಖಂಡದಿಂದ ಹೊರಟ ಗಿಡದ ಸಂತಾನವೇ. ನಮ್ಮ ಕಡೆಗೆ ಪೋರ್ಚುಗೀಸರು ತಂದರು, ಹಂಗೇರಿಗೆ ತುರ್ಕರ ಕಾಲದಲ್ಲಿ ಹೋಯಿತು. ಎರಡೂ ಕಡೆ ರೈತರು ಖಾರಕ್ಕಿಂತ ಬಣ್ಣಕ್ಕೆ ಬೆಲೆ ಕಟ್ಟುವ ಕಾಯನ್ನು ಬೆಳೆಸಿಕೊಂಡರು. ಸೆಗೆಡ್ ಊರಿನ ಮೆಣಸಿನಕಾಯಿಯಿಂದಲೇ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಹೇರಳವಾಗಿ ಸಿ ಜೀವಸತ್ವ ತೆಗೆದರು. 1937ರಲ್ಲಿ ನೊಬೆಲ್ ಪಡೆದರು. ಬ್ಯಾಡಗಿಯ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು.

ಅಡುಗೆ ಕಲಿಯಬೇಕಾದರೆ ಒಲೆಯ ಮುಂದೆ ನಿಲ್ಲಬೇಕು. ಹಾಸ್ಟೆಲಿನ ಅಡುಗೆಮನೆಯಲ್ಲಿ ಹಂಗೇರಿಯ ಗೆಳತಿ ಲೆಚೊ ಮಾಡಿ ತೋರಿಸಿದಳು: ಈರುಳ್ಳಿ, ಹಳದಿ ದಪ್ಪಮೆಣಸು, ಟೊಮೆಟೊ. ಈರುಳ್ಳಿ ಬಾಡಿದ ಕೂಡಲೇ ಪಾತ್ರೆಯನ್ನು ಒಲೆಯಿಂದ ಇಳಿಸಿ, ಆಮೇಲೆ ಪಪ್ರಿಕ ಹಾಕಿ ಕಲಸಿದಳು. ಬೆಂಕಿಯ ಮೇಲೇ ಹಾಕಿದರೆ ಪುಡಿಯಲ್ಲಿರುವ ಸಕ್ಕರೆ ಅಂಶ ಸೀದು ಕಹಿಯಾಗುತ್ತದೆ, ಬಣ್ಣವೂ ಕಂದುತ್ತದೆ. ಈಗ ಬ್ಯಾಡಗಿ ಪುಡಿಯನ್ನೂ ನಾನು ಹಾಗೇ ಹಾಕುತ್ತೇನೆ. ಸಾರಿನ ಮೇಲೆ ಕೆಂಪೆಣ್ಣೆ ತೇಲುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಬರೀ ತರಕಾರಿಯಂತೆ ಕಾಣುವ ಪದಾರ್ಥಕ್ಕೂ ಹಂದಿಕೊಬ್ಬು ಬಿದ್ದಿರಬಹುದು. ಅದಕ್ಕೆ ಅಲ್ಲಿ ‘ಜೀರ್’ ಎನ್ನುತ್ತಾರೆ. ಕೇಳಿ ತಿಳಿದುಕೊಂಡೇ ತಟ್ಟೆ ಹಿಡಿಯಿರಿ. ಮಧ್ಯಾಹ್ನ ಸಣ್ಣ ಹೋಟೆಲುಗಳಲ್ಲಿ ಸೂಪಿನ ಜೊತೆ ಒಂದು ಊಟವಿರುವ ‘ದಿನದ ಮೆನು’ ರಾತ್ರಿಯ ಊಟಕ್ಕಿಂತ ಅಗ್ಗ. ಬೇಸಿಗೆಯಲ್ಲಿ ಹುಳಿ ಚೆರ್ರಿಯ ತಣ್ಣನೆಯ ಸಿಹಿ ಸೂಪು ಸಿಗುತ್ತದೆ. ಗಸಗಸೆ, ಸಕ್ಕರೆ ಉದುರಿಸಿದ ಶಾವಿಗೆಯನ್ನು ಊಟವಾಗಿಯೇ ಉಣ್ಣುತ್ತಾರೆ. ಬೀದಿಯಲ್ಲಿ ಅಂಗೈಗಿಂತ ದೊಡ್ಡ ಪೂರಿಯಂಥ ಲಾಂಗೋಶ್. ಮೇಲೆ ಬೆಳ್ಳುಳ್ಳಿ, ಹುಳಿಕೆನೆ, ಚೀಸ್.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ದೆಬ್ರೆತ್ಸೆನ್‌ನಿಂದ ರೈಲಿನಲ್ಲಿ ಸ್ವಲ್ಪ ದೂರದ ಹೊರ್ಟೊಬಾಜ್ ಹುಲ್ಲುಗಾವಲು. ವಿದ್ಯಾರ್ಥಿ ಕಾರ್ಡಿಗೆ ಟಿಕೆಟ್ ಅರ್ಧ ದರ. 1833ರಲ್ಲಿ ಮುಗಿದ ಒಂಬತ್ತು ಕಮಾನಿನ ಕಲ್ಲುಸೇತುವೆ, ಬಯಲಲ್ಲಿ ಏತದ ಬಾವಿಗಳು, ಉದ್ದ ಕೋಡಿನ ಬೂದುಬಣ್ಣದ ದನಗಳು. ಕರು ಹುಟ್ಟುವಾಗ ಕೆಂಚು, ಕೆಲವು ತಿಂಗಳಲ್ಲಿ ಬೂದು. ಹಿಂದೆ ಈ ದನಗಳನ್ನು ವಿಯೆನ್ನಾ, ವೆನಿಸ್ ಸಂತೆಗಳವರೆಗೆ ನಡೆಸಿಕೊಂಡೇ ಹೋಗುತ್ತಿದ್ದರಂತೆ. ಕಳೆದ ಶತಮಾನದಲ್ಲಿ ತಳಿ ಅಳಿವಿನಂಚಿಗೆ ಬಂದಾಗ ಉಳಿಸಿಕೊಂಡರು. 1999ರಲ್ಲಿ ಆ ಬಯಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬಂಕಾಪುರದ ಕೋಟೆಯಲ್ಲಿ ಖಿಲಾರಿ ತಳಿ ಸಂವರ್ಧನಾ ಕೇಂದ್ರ ನೋಡುತ್ತ ಬೆಳೆದವಳಿಗೆ ಆ ದನಗಳ ಕೋಡಿನ ಬಾಗು, ನಡಿಗೆ ಇವೆಲ್ಲ ಕಣ್ಣಿಗೆ ಬೀಳದೆ ಇರುತ್ತವೆಯೇ? ನಾನು ಪ್ರಶ್ನೆ ಕೇಳತೊಡಗಿದ ಮೇಲೆ ದನ ಕಾಯುವವನು ಬಹಳ ಹೊತ್ತು ಮಾತಾಡಿದ. ಉಳಿದ ಪ್ರವಾಸಿಗರು ಫೋಟೊ ತೆಗೆದುಕೊಂಡು ಬಸ್ಸಿಗೆ ಹೊರಟರು.

ನಮ್ಮಲ್ಲೂ ಅದೇ ಕೋಟೆಯೊಳಗೆ ನವಿಲುಧಾಮವಿದೆ, ನಗರೇಶ್ವರನ ಅರವತ್ತು ಕಂಬದ ಗುಡಿಯಿದೆ, ಖಿಲಾರಿ ಇದೆ. ನೋಡಲು ಬಂದವರಿಗೆ ಮೂರನ್ನೂ ಒಟ್ಟಿಗೆ ವಿವರಿಸುವ ಒಂದು ಫಲಕ, ತಿಳಿಸಿ ಹೇಳುವ ಒಬ್ಬ ಸ್ಥಳೀಯ ಹುಡುಗ ಇದ್ದರೆ ಸಾಕು, ಹೊರ್ಟೊಬಾಜ್‌ಗೆ ನಾವೇನೂ ಕಡಿಮೆಯಲ್ಲ. ವಿದೇಶಕ್ಕೆ ಹೊರಟವರಿಗೆ ನನ್ನದೊಂದೇ ಮಾತು: ಹೋಗುವ ಮೊದಲು ನಿಮ್ಮೂರಿನ ಸಂತೆ, ಹೊಲ, ದನದ ಕೊಟ್ಟಿಗೆ ಸರಿಯಾಗಿ ನೋಡಿಕೊಳ್ಳಿ. ಅಲ್ಲಿ ಏನು ಕೇಳಬೇಕು ಎಂಬುದು ಇಲ್ಲೇ ಗೊತ್ತಾಗುತ್ತದೆ.