ಔಷಧಿ ಪುಕ್ಕಟೆ, ಓಡಾಟ ನಮ್ಮದು

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್, ಅದೂ ನಾಲ್ಕನೇ ಹಂತ ಅಂತ ಗೊತ್ತಾದರೆ ಸಂಜೆಯೊಳಗೆ ಜಮೀನಿನ ಮಾತು ಶುರುವಾಗುತ್ತದೆ. ಯಾವ ಸರ್ವೆ ನಂಬರಿಗೆ ಗಿರಾಕಿ ಸಿಗಬಹುದು, ಪಹಣಿಯಲ್ಲಿ ಯಾರ್ಯಾರ ಹೆಸರು ಕೂತಿದೆ, ತಮ್ಮ ಸಹಿ ಹಾಕುತ್ತಾನೋ ತಕರಾರು ತೆಗೆಯುತ್ತಾನೋ. ಅರಕಲಗೂಡು ತಾಲ್ಲೂಕಿನ ನಮ್ಮಕ್ಕನ ಮನೆಯಲ್ಲೂ ಅದೇ ಆಯಿತು. ಭಾವನವರದು ಹೊಗೆಸೊಪ್ಪಿನ ಬೇಸಾಯ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬೇಲ್ ಹಾಕುವವರು. ಕೆಮ್ಮು ಬಂದಾಗ ಸೊಪ್ಪು ಹದಮಾಡುವ ಬ್ಯಾರನ್ ಹೊಗೆಯದ್ದು ಅಂದುಕೊಂಡರು. ಆಮೇಲೆ ಡಾಕ್ಟರೊಬ್ಬರು ಟಿಬಿ ಇರಬಹುದು ಅಂತ ಮಾತ್ರೆ ಶುರುಮಾಡಿದರು. ನಮ್ಮ ಕಡೆ ಈ ಕಾಯಿಲೆ ಎಷ್ಟೋ ಸಲ ಟಿಬಿಯ ವೇಷದಲ್ಲೇ ಒಳಗೆ ಬರುತ್ತದೆ. ಮಾತ್ರೆ ನುಂಗಿ ನುಂಗಿ ಬೇಸತ್ತ ಮೇಲೆ ಹಾಸನದಲ್ಲಿ ಸ್ಕ್ಯಾನಿಂಗ್, ಅಲ್ಲಿಂದ ಬೆಂಗಳೂರಿಗೆ ಚೀಟಿ.

"ಟ್ರಯಲ್ ಒಂದಿದೆ, ಸೇರ್ತೀರಾ ಅಂತ ಕೇಳ್ತಾವ್ರೆ ಮಾವ. ಔಷಧಿ ಪುಕ್ಕಟೆಯಂತೆ. ಆದ್ರೆ ಅಪ್ಪನ್ನ ಪ್ರಯೋಗಕ್ಕೆ ಬಿಡಾಕಿಲ್ಲ ಅಂತ ಅಮ್ಮ ಅಳ್ತಾ ಕೂತವ್ಳೆ." ಅಕ್ಕನ ಮಗ ಆಸ್ಪತ್ರೆಯಿಂದಲೇ ಫೋನ್ ಮಾಡಿದ್ದ. ನನ್ನ ಹತ್ತಿರ ಜನ ಸಾಮಾನ್ಯವಾಗಿ ಕೇಳುವುದು ಮ್ಯೂಚುವಲ್ ಫಂಡ್ ವಿಚಾರ. ವೈದ್ಯಕೀಯದ ಬಗ್ಗೆ ಹೇಳಲು ನಾನು ಯಾರು? ಆದರೆ ಸಹಿ ಹಾಕುವ ಕಾಗದ ಯಾವುದೇ ಆದರೂ ಓದಬಹುದಲ್ಲ. ಒಪ್ಪಿಗೆ ಪತ್ರದ ಪುಟಗಳನ್ನು ಒಂದೂ ಬಿಡದೆ ಫೋಟೋ ತೆಗೆದು ಕಳಿಸು ಅಂದೆ.

ಕನ್ನಡದಲ್ಲೇ ಇತ್ತು. ಕನ್ನಡ ಸ್ವಲ್ಪ ಸರ್ಕಾರಿ ಕನ್ನಡ, ಆದರೂ ನಿಧಾನವಾಗಿ ಓದಿದರೆ ಅರ್ಥವಾಗುವಂಥದ್ದು. ಕೊನೆಯ ಪುಟದಲ್ಲಿ ಸಹಿಯ ಜೊತೆಗೆ ವೃತ್ತಿ, ವಿದ್ಯಾಭ್ಯಾಸ, ವಾರ್ಷಿಕ ಆದಾಯ, ಆಮೇಲೆ ನಾಮಿನಿಯ ಹೆಸರು, ವಿಳಾಸ, ಸಂಬಂಧ. "ನಾಮಿನಿ ಯಾಕಪ್ಪ? ಇದೇನು ಎಲ್‌ಐಸಿನಾ?" ಅಂತ ಭಾವ ಕೇಳಿದರಂತೆ. ಆ ಮನೆಯಲ್ಲಿ ಆವತ್ತು ಯಾರಾದರೂ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದೇ.

ನಾಮಿನಿ ಬೇಕಾಗಿರುವುದು ಪರಿಹಾರಕ್ಕೆ. ಟ್ರಯಲ್‌ಗಳನ್ನು ಈಗ ಆಳುವುದು 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಟ್ರಯಲ್‌ನಿಂದಾಗಿ ರೋಗಿಗೆ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ ಕೊಡಬೇಕು. ಟ್ರಯಲ್‌ನಿಂದಲೇ ಸಾವು ಅಂತ ತೀರ್ಮಾನವಾದರೆ ನಾಮಿನಿಗೆ ಪರಿಹಾರ ಕೊಡಬೇಕು. ಅದಕ್ಕೆ ಸೂತ್ರವೇ ಇದೆ. ಮೂಲ ಮೊತ್ತ 8 ಲಕ್ಷ. ಅದನ್ನು ವಯಸ್ಸಿನ ಅಂಕಿಯಿಂದ ಗುಣಿಸಿ, ಕಾಯಿಲೆಯ ಗಂಭೀರತೆಯ ಅಂಕಿಯಿಂದ ಗುಣಿಸಿ, 99.37ರಿಂದ ಭಾಗಿಸುವುದು. 65 ದಾಟಿದವರ ವಯಸ್ಸಿನ ಅಂಕಿಯೂ 99.37, ಹಾಗಾಗಿ ಎರಡೂ ಹೊಡೆದುಹೋಗುತ್ತವೆ. ಇನ್ನು ಗಂಭೀರತೆ: ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ ಅನ್ನುವ ರೋಗಿಗೆ 0.5, ಆರರಿಂದ ಇಪ್ಪತ್ತನಾಲ್ಕು ತಿಂಗಳ ಅಂದಾಜಿದ್ದರೆ 1, ಪೂರ್ತಿ ಆರೋಗ್ಯವಂತನಿಗೆ 4. ಭಾವನವರಿಗೆ 67. ಹಾಗಾಗಿ ಅವರ ಲೆಕ್ಕ 4 ಲಕ್ಷ ಅಥವಾ 8 ಲಕ್ಷ. ಮನುಷ್ಯ ಸೇರುವಾಗ ಎಷ್ಟು ಕಾಯಿಲೆಯಲ್ಲಿದ್ದ ಅನ್ನುವುದರ ಮೇಲೆ ಅವನ ಜೀವದ ಬೆಲೆ ಅರ್ಧಕ್ಕಿಳಿಯುವುದು ನನಗೆ ಕಸಿವಿಸಿಯ ವಿಷಯ. ಆದರೆ ಕಾಯಿಲೆಯಿಂದಲೇ ಸತ್ತರೆ ಇದರಲ್ಲಿ ಬಿಡಿಗಾಸೂ ಇಲ್ಲ ಅನ್ನುವುದು ಮನೆಯವರಿಗೆ ಮೊದಲೇ ಗೊತ್ತಿರಬೇಕು. ಫಾರಂನಲ್ಲಿ ಆದಾಯ ಬರೆಯುವ ಜಾಗ ಇದ್ದರೂ ಸೂತ್ರದಲ್ಲಿ ಆದಾಯಕ್ಕೆ ಜಾಗವಿಲ್ಲ. ಅಲ್ಲಿ ಸುಳ್ಳು ಬರೆದು ಲಾಭವಿಲ್ಲ.

ಈಗ ಪುಕ್ಕಟೆಯ ಮಾತು. ಪರೀಕ್ಷೆಗಿಟ್ಟ ಔಷಧಿ ಪುಕ್ಕಟೆ, ಟ್ರಯಲ್‌ಗಾಗಿಯೇ ಮಾಡುವ ರಕ್ತಪರೀಕ್ಷೆ, ಸ್ಕ್ಯಾನ್ ಪುಕ್ಕಟೆ. ಆದರೆ ಇಂಥ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗುಂಪು. ಹೊಸ ಔಷಧಿಯ ಗುಂಪಿಗೆ ಬೀಳುತ್ತೀರೋ ಈಗಾಗಲೇ ಚಾಲ್ತಿಯಲ್ಲಿರುವ ಕೀಮೋ ಗುಂಪಿಗೋ, ಅದನ್ನು ಡಾಕ್ಟರೂ ಆರಿಸುವುದಿಲ್ಲ, ಕಂಪ್ಯೂಟರು ಹಂಚುತ್ತದೆ. ಆ ಎರಡನೇ ಗುಂಪಿನ ಕೀಮೋ ಖರ್ಚು ಯಾರದು? ಕೆಲವು ಟ್ರಯಲ್‌ಗಳಲ್ಲಿ ಅದೂ ಕಂಪನಿಯದೇ, ಕೆಲವದರಲ್ಲಿ "ಸಾಮಾನ್ಯ ಚಿಕಿತ್ಸೆ" ಅಂತ ರೋಗಿಯ ತಲೆಗೆ. ಕೇಳದೆ ಗೊತ್ತಾಗುವುದಿಲ್ಲ. ಅಕ್ಕನ ಮಗ ಕೇಳಿದ. ಎರಡೂ ನಮ್ಮದೇ ಅಂದರು. ಅದು ಫಾರಂನ ಯಾವ ಪುಟದಲ್ಲಿದೆ ತೋರಿಸಿ ಅಂತಲೂ ಕೇಳಿದ. ತೋರಿಸಿದರು.

ಉಳಿದದ್ದು ಓಡಾಟ. ಚನ್ನರಾಯಪಟ್ಟಣದವರಿಗೆ 2017ರಿಂದ ಶ್ರವಣಬೆಳಗೊಳದ ಮೇಲೆ ನೇರ ಯಶವಂತಪುರದ ರೈಲು ಇದೆ. ಹೊಳೆನರಸೀಪುರದವರಿಗೆ ಮೈಸೂರು–ಹಾಸನ ರೈಲು ಮನೆಬಾಗಿಲಲ್ಲಿದೆ. ಅರಕಲಗೂಡಿಗೆ ರೈಲೇ ಇಲ್ಲ; ಮೊದಲು ಹಾಸನಕ್ಕೆ ಬಸ್ಸು. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯ ಸರ್ಟಿಫಿಕೇಟ್ ಕೌಂಟರಿನಲ್ಲಿ ತೋರಿಸಬೇಕು. ಟ್ರಯಲ್‌ನವರು ಓಡಾಟದ ದುಡ್ಡು ಕೊಟ್ಟರೂ ಸಾಮಾನ್ಯವಾಗಿ ಟಿಕೆಟ್ ನೋಡಿಯೇ ಕೊಡುವುದು. ಕೆಎಸ್‌ಆರ್‌ಟಿಸಿ ಟಿಕೆಟ್ ಜೇಬಲ್ಲಿ ಬೆವರಿಗೆ ನೆನೆದು ಅಕ್ಷರ ಮಾಸಿಹೋಗುತ್ತದೆ; ಅಕ್ಕನ ಮಗ ಬಸ್ ಇಳಿಯುವ ಮೊದಲೇ ಫೋಟೋ ಹೊಡೆದುಕೊಳ್ಳುತ್ತಿದ್ದ. ಆದರೆ ಅವನ ರಜೆಯ ಸಂಬಳ, ಅಕ್ಕ ಬೆಂಗಳೂರಲ್ಲಿದ್ದ ದಿನ ಹಾಲು ಕರೆಯಲು ಬಂದ ಆಳಿನ ಕೂಲಿ, ಸೊಪ್ಪು ಮುರಿಯುವ ಹೊತ್ತಿಗೆ ಮನೆಯವರಿಲ್ಲದೆ ಹಾಳಾದ ಗ್ರೇಡು, ಇವನ್ನು ಯಾವ ಫಾರಂನಲ್ಲೂ ಬರೆಯಲು ಜಾಗವಿಲ್ಲ. ನನ್ನ ಅಂದಾಜಿನಲ್ಲಿ ನಿಜವಾದ ಖರ್ಚು ಇದೇ.

ವಿಮೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ "ಸಾಬೀತಾಗದ ಚಿಕಿತ್ಸೆ" ಅಂತ ಒಂದು ಹೊರಗಿಡುವ ಷರತ್ತಿರುತ್ತದೆ. ಇಮ್ಯುನೋಥೆರಪಿ, ಬಾಯಿಯ ಮೂಲಕ ಕೊಡುವ ಕೀಮೋ ಈಗ ವಿಮೆಯೊಳಗೆ ಬರುತ್ತವೆ, ಮಿತಿ ಇರಬಹುದು ಅಷ್ಟೆ. ಟ್ರಯಲ್‌ನ ಹೊಸ ಔಷಧಿಗೆ ಕ್ಲೇಮು ಹಾಕಲು ಹೋಗಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಟ್ರಯಲ್‌ನಲ್ಲಿರುವಾಗ ಆ ಮೊತ್ತವನ್ನು ಮುಟ್ಟದೆ ಉಳಿಸಿಕೊಂಡರೆ ಅದೇ ವರ್ಷದೊಳಗೆ ಮುಂದೆ ಕೆಲಸಕ್ಕೆ ಬರುತ್ತದೆ. ಸಂಬಳದ ಮಕ್ಕಳು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ 80ಡಿಡಿಬಿ ಅಂತ ನಾವು ಕರೆಯುತ್ತಾ ಬಂದ ವಿನಾಯಿತಿಯಲ್ಲಿ ಹಿರಿಯ ನಾಗರಿಕರ ಕ್ಯಾನ್ಸರ್ ಖರ್ಚಿಗೆ 1 ಲಕ್ಷದವರೆಗೆ ಕಳೆಯಬಹುದು, ಆದರೆ ಕೈಯಿಂದ ಕೊಟ್ಟ ಹಣಕ್ಕೆ ಮಾತ್ರ.

ಯಾವಾಗ ಕೇಳಬೇಕು ಅನ್ನುವುದರ ಮೇಲೆ ಲಕ್ಷಗಳು ನಿಂತಿವೆ. ಚನ್ನರಾಯಪಟ್ಟಣದ ಕಡೆಯ ಪರಿಚಯದ ತೆಂಗು ಬೆಳೆಗಾರರೊಬ್ಬರು ತೋಟದ ಒಂದು ಭಾಗ ಮಾರಿ ಖಾಸಗಿಯಲ್ಲಿ ಕೀಮೋ ಶುರುಮಾಡಿದರು. ಎರಡು ಸುತ್ತು ಆದ ಮೇಲೆ ಅವರ ಕಾಯಿಲೆಗೆ ಹೊಂದುವ ಟ್ರಯಲ್ ಒಂದು ನಡೆಯುತ್ತಿದೆ ಅಂತ ತಿಳಿಯಿತು. ಅದಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಇನ್ನೂ ಯಾವ ಚಿಕಿತ್ಸೆಯನ್ನೂ ಪಡೆಯದವರನ್ನು. ಬಾಗಿಲು ಮುಚ್ಚಿತ್ತು. ಬಹಳ ಟ್ರಯಲ್‌ಗಳು ಹೀಗೇ. ಆದ್ದರಿಂದ ಬಯಾಪ್ಸಿ ವರದಿ ಬಂದ ದಿನ, ಮೊದಲ ಡ್ರಿಪ್ ಏರಿಸುವ ಮುಂಚೆ, "ನಮಗೆ ಹೊಂದುವ ಟ್ರಯಲ್ ಇದೆಯಾ ಸರ್?" ಅಂತ ಕೇಳಬೇಕು. ಬಯಾಪ್ಸಿಯ ಬ್ಲಾಕನ್ನೂ ಕೇಳಿ ಪಡೆಯಿರಿ. ಹೆಬ್ಬೆರಳಿನಗಲದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಮೇಣ, ಮೇಣದೊಳಗೆ ಅಕ್ಕಿಕಾಳಿನಷ್ಟು ಮಾಂಸ. ಇಜಿಎಫ್‌ಆರ್, ಎಎಲ್‌ಕೆ ಅನ್ನುವ ಜೀನ್ ಪರೀಕ್ಷೆಗಳು ಸಾಮಾನ್ಯವಾಗಿ ಅದರಿಂದಲೇ ಆಗುವುದು. ಅದು ಕಳೆದರೆ ಮತ್ತೆ ಎದೆಗೆ ಸೂಜಿ, ಮತ್ತೆ ಬಿಲ್ಲು.

ಎಲ್ಲಿ ಹುಡುಕುವುದು? ಸಿಟಿಆರ್‌ಐ ಅಂತ ಭಾರತದ ಟ್ರಯಲ್‌ಗಳ ನೋಂದಣಿ ಪುಸ್ತಕ 2007ರಿಂದ ಇದೆ, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಮೊಬೈಲ್‌ನಲ್ಲೇ ನೋಡಬಹುದು, ದುಡ್ಡಿಲ್ಲ. ಕಾಯಿಲೆಯ ಹೆಸರು ಹಾಕಿದರೆ ಯಾವ ಊರಿನ ಯಾವ ಆಸ್ಪತ್ರೆ, ರೋಗಿಗಳನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಬರುತ್ತದೆ. ಹೊಳೆನರಸೀಪುರದ ಓದುಗರೊಬ್ಬರು ನನಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿದ್ದರು: ಹೊಸ ಕ್ಯಾನ್ಸರ್ ಔಷಧಿಯ ಟ್ರಯಲ್, ಸೇರಲು ಮುಂಗಡ ಕಟ್ಟಬೇಕು. ನೋಂದಣಿ ಸಂಖ್ಯೆ ಕೇಳಿ ನೋಡಿ ಅಂದೆ. ಆ ಕಡೆಯಿಂದ ಉತ್ತರವೇ ಬರಲಿಲ್ಲ. ಸಂಶೋಧನೆಯ ಖರ್ಚನ್ನು ರೋಗಿಯಿಂದ ವಸೂಲಿ ಮಾಡಬಾರದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಟ್ರಯಲ್ ಅಂದರೆ ವಿದೇಶಿ ಕಂಪನಿಯ ದುಬಾರಿ ಔಷಧಿ ಅಂತಲೇ ತಿಳಿಯಬೇಕಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಡಾ. ವನಿತಾ ನೊರೋನ್ಹಾ, ಡಾ. ಕುಮಾರ್ ಪ್ರಭಾಷ್ ತಂಡ ನಡೆಸಿದ ಒಂದು ಟ್ರಯಲ್ ನನಗೆ ಹಣಕಾಸಿನ ದೃಷ್ಟಿಯಿಂದ ಬಹಳ ಇಷ್ಟ. ಇಜಿಎಫ್‌ಆರ್ ದೋಷವಿರುವ ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿನ 350 ರೋಗಿಗಳು. ಅರ್ಧ ಜನಕ್ಕೆ ಜೆಫಿಟಿನಿಬ್ ಮಾತ್ರೆ ಮಾತ್ರ, ಉಳಿದವರಿಗೆ ಅದರ ಜೊತೆ ಹಳೆಯ ಕೀಮೋ. ಎಲ್ಲವೂ ಜೆನೆರಿಕ್‌ನಲ್ಲಿ ಸಿಗುವ ಔಷಧಿಗಳು. ಕಾಯಿಲೆ ಹತೋಟಿಯಲ್ಲಿದ್ದ ಕಾಲ ಮೀಡಿಯನ್ ಲೆಕ್ಕದಲ್ಲಿ 8 ತಿಂಗಳಿಂದ 16ಕ್ಕೆ ಏರಿತು. ತೀವ್ರ ಅಡ್ಡಪರಿಣಾಮಗಳೂ ಇಮ್ಮಡಿಯಾದವು, ಅದನ್ನು ಮರೆಮಾಚಬಾರದು. ಅದೇ ದೋಷಕ್ಕೆ ಕೊಡುವ ಆಸಿಮರ್ಟಿನಿಬ್ ಪೇಟೆಯಲ್ಲಿ ತಿಂಗಳಿಗೆ ಲಕ್ಷ ದಾಟಿದ್ದ ಮಾತ್ರೆ. 2024ರ ಬಜೆಟ್‌ನಲ್ಲಿ ಅದರ ಕಸ್ಟಮ್ಸ್ ಸುಂಕ ತೆಗೆದ ಮೇಲೂ ಹೊಗೆಸೊಪ್ಪಿನ ರೈತನ ಕೈಗೆ ಎಟುಕುವಂಥದ್ದಲ್ಲ. ಇಂಥ ಕಡೆ ಅಗ್ಗದ ಔಷಧಿಗಳನ್ನೇ ಬೇರೆ ರೀತಿ ಜೋಡಿಸಿ ನೋಡುವವರು ನಮಗೆ ಮುಖ್ಯ.

ಭಾವ ಸಹಿ ಹಾಕಿದರು. ನಾಮಿನಿ ಅಕ್ಕ. ಬಿದ್ದದ್ದು ಹಳೆ ಕೀಮೋ ಗುಂಪಿಗೆ. ಅಕ್ಕನಿಗೆ ಒಳಗೊಳಗೇ ಸಮಾಧಾನ, ಮಗನಿಗೆ ನಿರಾಸೆ. ಆಸ್ಪತ್ರೆಯ ಬಿಲ್ಲು ಬರಲಿಲ್ಲವಾದ್ದರಿಂದ ಜಮೀನಿನ ಮಾತು ನಿಂತಿತು. ಮುಂದೊಂದು ಸ್ಕ್ಯಾನ್‌ನಲ್ಲಿ ಗಡ್ಡೆ ಮತ್ತೆ ಬೆಳೆದದ್ದು ಕಂಡಾಗ ಟ್ರಯಲ್‌ನ ಚಿಕಿತ್ಸೆ ನಿಲ್ಲಿಸಿದರು. ಇದು ನಿಯಮ, ಕೈಬಿಡುವುದಲ್ಲ. ಟ್ರಯಲ್ ಮುಗಿದ ಮೇಲೂ ಔಷಧಿ ಪುಕ್ಕಟೆ ಕೊಡುವುದು 2019ರ ನಿಯಮದಲ್ಲಿದೆ, ಆದರೆ ಔಷಧಿ ಫಲ ಕೊಟ್ಟಿರಬೇಕು, ಬೇರೆ ಚಿಕಿತ್ಸೆ ಇಲ್ಲದ ಕಾಯಿಲೆಯಾಗಿರಬೇಕು, ಟ್ರಯಲ್ ಮೇಲೆ ಕಣ್ಣಿಡುವ ಎಥಿಕ್ಸ್ ಕಮಿಟಿ ಒಪ್ಪಬೇಕು. ಸಹಿಗೆ ಮುಂಚೆ ಇದನ್ನೂ ಕೇಳಿ.

ಅಲ್ಲಿಂದ ಮುಂದಿನದು ಮನೆಯ ಖರ್ಚು. ಮುಂದಿನ ಕೀಮೋ ಆರೋಗ್ಯ ಕಾರ್ಡಿನಲ್ಲಿ ಆಯಿತು. ಸೊಪ್ಪಿನ ಹರಾಜಿನ ದುಡ್ಡು ಬ್ಯಾಂಕಿನ ಸಾಲಕ್ಕೆ ಮುರಿದುಕೊಂಡು ಉಳಿದದ್ದು ಬಂತು, ಅದನ್ನು ಅಕ್ಕ ಬೇರೆ ಖಾತೆಯಲ್ಲಿಟ್ಟಳು. ಕೊನೆಯ ತಿಂಗಳುಗಳಲ್ಲಿ ಹಾಸನದಿಂದ ಆಕ್ಸಿಜನ್ ಕಾನ್ಸಂಟ್ರೇಟರ್ ಬಾಡಿಗೆಗೆ ತಂದರು: ಮುಂಗಡ ಠೇವಣಿ, ತಿಂಗಳ ಬಾಡಿಗೆ, ಕರೆಂಟು ಹೋದರೆ ಅಂತ ಒಂದು ಸಿಲಿಂಡರು, ಅದನ್ನು ತುಂಬಿಸಿ ತರಲು ಆಟೋ. ಇದ್ಯಾವುದೂ ಕಾರ್ಡಿಗೆ ಬರಲಿಲ್ಲ, ಟ್ರಯಲ್‌ಗೂ ಬರಲಿಲ್ಲ. ಸೇರುವ ದಿನವೇ ಈ ಬಾಬ್ತಿಗೆ ಅಂತ ಒಂದಿಷ್ಟು ತೆಗೆದಿಡಿ. ಎಫ್‌ಡಿ ಮಾಡಿ ಕಟ್ಟಿಹಾಕಬೇಡಿ, ಉಳಿತಾಯ ಖಾತೆಯಲ್ಲೇ ಇರಲಿ, ಮನೆಯಲ್ಲಿ ಇನ್ನೊಬ್ಬರೂ ತೆಗೆಯಲು ಆಗುವಂತೆ ಜಂಟಿಯಾಗಿರಲಿ.